ನನ್ನ ಪರವಾಗಿ ತಲೆಯಾಡಿಸಿದ ಹೋತರಾಯರಿಗೆ

ಶ್ರೀಯುತ ಹೋತರಾಯರು,
ದೀಪಸ್ತಂಭದ ಪಕ್ಕದ ಮುಳ್ಳುಪೊದೆ,
ನಾಲ್ಕನೇ ದ್ವೀಪ.

ಮಾನ್ಯರೇ,

ಮೊದಲಿಗೆ ತಮ್ಮ ಎರಡು ಕೊಂಬುಗಳಿಗೂ, ನಾಲ್ಕು ಗೊರಸುಗಳಿಗೂ, ಒಂದೇ ಆದರೂ ಸಾಕಷ್ಟು ಉದ್ದವಿರುವ ಗಡ್ಡಕ್ಕೂ ನನ್ನ ಗೌರವಪೂರ್ವಕ ವಂದನೆಗಳು. ತಾವು ಸಪರಿವಾರ ಕ್ಷೇಮದಿಂದಿರುವಿರೆಂದೂ, ನನ್ನ ಮಳೆಕೋಟಿನ ಬಲತೋಳು ತಮಗೆ ಸುಖವಾಗಿ ಜೀರ್ಣವಾಗಿದೆಯೆಂದೂ ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ತಾವು ಅನ್ಯಥಾ ಭಾವಿಸಬಾರದು. ಲಕೋಟೆಯಲ್ಲಿಟ್ಟು ಕಳಿಸಿದರೆ ಓದುವ ಮೊದಲೇ ತಿಂದುಬಿಡುತ್ತೀರೆಂಬ ಭಯ ಅಷ್ಟೇ. ಆಡು ಮುಟ್ಟದ ಸೊಪ್ಪಿಲ್ಲ ಎಂದರು ಹಿರಿಯರು. ಕಾಗದ, ಬಟ್ಟೆ ಮತ್ತು ಗೈಡಿನ ನಕ್ಷೆಯ ವಿಷಯ ಅವರಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ.

ನನ್ನ ಪರಿಚಯವನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ನಾನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದು ಕಳೆದ ವರ್ಷ ನಿವೃತ್ತನಾದವನು. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದವರಿಗೂ, ನಲ್ಲಿಯಲ್ಲಿ ಕಪ್ಪೆಮರಿ ಬಂತೆಂದವರಿಗೂ ಯಾವ ಭೇದವನ್ನೂ ಮಾಡದೆ 'ತಮ್ಮ ದೂರು ಪರಿಶೀಲನೆಯಲ್ಲಿದೆ' ಎಂದು ಒಂದೇ ಮನಸ್ಸಿನಿಂದ ಉತ್ತರ ಕೊಟ್ಟಿದ್ದೇನೆ. ಮನೆಯಲ್ಲಿ ಇಷ್ಟು ಉದ್ದದ ವಾಕ್ಯ ಬೇಕಾಗುತ್ತಿರಲಿಲ್ಲ. 'ನೋಡೋಣ' ಎಂದರೆ ಸಾಕಿತ್ತು. ಕಿಟಕಿ ಬದಲಾಯಿಸೋಣವೆಂದರೆ ನೋಡೋಣ, ತಂಗಿಯ ಮನೆಗೆ ಹೋಗಿಬರೋಣವೆಂದರೆ ನೋಡೋಣ, ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದರೂ ಬಹುಶಃ ಅದನ್ನೇ ಅನ್ನುತ್ತಿದ್ದೆನೆಂದು ನನ್ನ ಮಗಳ ಅಭಿಪ್ರಾಯ.

ನನ್ನ ಹೆಂಡತಿಯ ಪರಿಚಯ ತಮಗೆ ಈಗಾಗಲೇ ಆಗಿದೆ, ಅದೂ ನನಗಿಂತ ಚೆನ್ನಾಗಿ. ಆಕೆ ಶಾಲೆಯಲ್ಲಿ ಗಣಿತ ಕಲಿಸಿದವಳು. ಯಾವ ಲೆಕ್ಕವನ್ನೂ ಒಂದೇ ಸಲ ಹೇಳಿಕೊಡುವುದು ಅವಳ ಪದ್ಧತಿ. ಕೇಳಿಸಿಕೊಳ್ಳದವನು ಪಕ್ಕದಲ್ಲಿ ಕುಳಿತವನನ್ನು ಕೇಳಿ ತಿಳಿದುಕೊಳ್ಳಬೇಕು. ಈ ನಿಯಮವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನಮ್ಮಿಬ್ಬರಿಗೂ ಬೇಕಾಗುತ್ತದೆ.

ಏಳು ದ್ವೀಪಗಳ ಕಾಲ್ನಡಿಗೆ ಪ್ರವಾಸಕ್ಕೆ ಹೆಸರು ಬರೆಸಿದವಳು ಅವಳೇ. "ನಿಮಗೆ ಒಂದು ವಿಷಯ ಹೇಳಬೇಕು. ಮನೇಲಿ ನಿಮಗೆ ಕಿವಿ ಇರಲ್ಲ, ನಡೀತಾ ಹೇಳ್ತೀನಿ" ಎಂದಿದ್ದಳು. ನೋಡೋಣ ಎಂದೆ. ಮೊದಲ ದ್ವೀಪದಲ್ಲಿ ಅವಳು ಬಾಯಿ ತೆರೆಯುವ ಹೊತ್ತಿಗೆ ನನ್ನ ಬೂಟಿನ ದಾರ ಬಿಚ್ಚಿತ್ತು. ಎರಡನೆಯದರಲ್ಲಿ, ಅಲೆ ಕೊರೆದ ಬಂಡೆಯೊಂದನ್ನು ಕಂಡು, ಹಳೆಯ ಕೊಳವೆಗಳು ಸವೆಯುವ ಬಗೆಯನ್ನು ನಾನು ಅವಳಿಗೆ ಮುಕ್ಕಾಲು ಗಂಟೆ ವಿವರಿಸಬೇಕಾಯಿತು. ಮೂರನೆಯದರಲ್ಲಿ ಹುಲ್ಲು ಮೆತ್ತಗಿತ್ತು, ನಿದ್ದೆ ಹತ್ತಿತು. ಹೀಗೆ ನಾಲ್ಕನೆಯ ದ್ವೀಪಕ್ಕೆ, ಅಂದರೆ ತಮ್ಮ ಸನ್ನಿಧಿಗೆ, ನಾವು ಬಂದೆವು.

ಅಂದು ಮಧ್ಯಾಹ್ನದ ಘಟನೆಯಲ್ಲಿ ನನ್ನದೂ ಒಂದು ಸಣ್ಣ ಪಾತ್ರವಿದೆಯೆಂದು ಒಪ್ಪಿಕೊಳ್ಳುತ್ತೇನೆ. ದೀಪಸ್ತಂಭದ ಬಾಗಿಲಿನ ಬಳಿ ಒಂದು ತಗಡಿನ ಪೆಟ್ಟಿಗೆಯೂ, ಅದರೊಳಗೆ ಪ್ರವಾಸಿಗರು ದೂರು ಬರೆಯುವ ಪುಸ್ತಕವೂ ಇದ್ದವು. ತೆರೆದು ನೋಡಿದರೆ ಹನ್ನೊಂದು ದೂರುಗಳಿಗೆ ಯಾರೂ ಉತ್ತರವನ್ನೇ ಕೊಟ್ಟಿರಲಿಲ್ಲ. ಮೂವತ್ತೊಂದು ವರ್ಷದ ಕೈ, ಸುಮ್ಮನಿರುವುದು ಹೇಗೆ? ಗುಡ್ಡ ಹತ್ತಿ ಬಂದ ಸೆಕೆಗೆ ಮಳೆಕೋಟನ್ನು ತಲೆಯ ಮೇಲಿಂದ ಎಳೆದು ತೆಗೆದು ಪೊದೆಯ ಮೇಲೆ ಹಾಕಿ, ಮೆಟ್ಟಿಲ ಮೇಲೆ ಕುಳಿತು ಹನ್ನೊಂದರ ಕೆಳಗೂ 'ಪರಿಶೀಲನೆಯಲ್ಲಿದೆ' ಎಂದು ಬರೆದು ಸಹಿ ಮಾಡಿದೆ. ಬಹಳ ದಿನಗಳ ಮೇಲೆ ಜೀವಕ್ಕೆ ಹಾಯೆನಿಸಿತ್ತು. ಗೈಡ್ ಊದಿದ ಸೀಟಿ ಕಿವಿಗೆ ಬಿದ್ದಿತ್ತು, ಅದನ್ನೂ ಪರಿಶೀಲನೆಯಲ್ಲಿಟ್ಟೆ.

ಇನ್ನು ತಮ್ಮ ಪಾತ್ರ. ಕೋಟಿನ ಒಳಜೇಬಿನಲ್ಲಿ ನನ್ನ ಹೆಂಡತಿ ಇಟ್ಟಿದ್ದ ಬಿಸ್ಕತ್ತುಗಳನ್ನು ಅರಸುತ್ತ ತಾವು ಅಡಿಯಿಂದ ತಲೆ ತೂರಿಸಿ, ಟೊಪ್ಪಿಗೆಯಲ್ಲಿ ಮುಖ ಹೊರಗೆ ಹಾಕಿದ್ದು ಒಂದು ಆಕಸ್ಮಿಕ ಎಂದೇ ಇಟ್ಟುಕೊಳ್ಳೋಣ. ಆದರೆ ಆ ವೇಷದಲ್ಲೇ ಇಳಿಜಾರು ಇಳಿದು, ಸಾಲಿನಲ್ಲಿ ನಿಂತು, ದೋಣಿ ಹತ್ತಿ, ನನ್ನ ಹೆಂಡತಿಯ ಪಕ್ಕದ ಹಲಗೆಯ ಮೇಲೆ ಕಾಲು ಮಡಿಸಿ ಕುಳಿತಿರಲ್ಲ, ಅದಕ್ಕೆ ಏನೆನ್ನಬೇಕು? ಹುಲ್ಲು ಮುಗಿದಂತೆಲ್ಲ ತಮ್ಮ ಸಮಾಜವನ್ನು ದ್ವೀಪದಿಂದ ದ್ವೀಪಕ್ಕೆ ಅದೇ ದೋಣಿಯಲ್ಲಿ ಸಾಗಿಸುತ್ತಾರೆಂದೂ, ತಾವು ಎಂಟು ವರ್ಷಗಳಿಂದ ಅದರ ಕಾಯಂ ಪ್ರಯಾಣಿಕರೆಂದೂ ದೋಣಿಯವನು ಆಮೇಲೆ ನನಗೆ ತಿಳಿಸಿದ. "ಕೂತ ಜಾಗ ಬಿಟ್ಟು ಅಲ್ಲಾಡಲ್ಲ ಸಾರ್, ನಿಮ್ಮಂಥೋರೇ ಎದ್ದೆದ್ದು ನಿಲ್ಲೋದು" ಎಂದೂ ಸೇರಿಸಿದ.

ಗೈಡ್ ಮಹಾಶಯರು ಯಾವಾಗಲೂ ತಲೆಗಳನ್ನು ಹಿಂದಿನಿಂದಲೇ ಎಣಿಸುವವರು. "ಮುಖ ನೋಡಿದ್ರೆ ಮಾತು ಬರುತ್ತೆ, ಮಾತು ಬಂದ್ರೆ ಲೆಕ್ಕ ತಪ್ಪುತ್ತೆ" ಎಂಬುದು ಅವರ ಸಿದ್ಧಾಂತ. ಪ್ರವಾಸದ ಕಂಪನಿಯವರು ಕೊಟ್ಟ ಮಳೆಕೋಟುಗಳ ಹಸಿರು ಟೊಪ್ಪಿಗೆಗಳು ಹನ್ನೆರಡಿರಬೇಕಿತ್ತು, ಹನ್ನೆರಡಿದ್ದವು. ದೋಣಿ ಹೊರಟಿತು. ನಾನು ದಂಡೆಗೆ ಓಡಿಬರುವ ಹೊತ್ತಿಗೆ ಅದು ಉಗುರಿನಷ್ಟಾಗಿತ್ತು. ನನ್ನ ಪಾಲಿಗೆ ಉಳಿದಿದ್ದು ಪ್ಯಾಂಟಿನ ಜೇಬಿನ ಒಂದು ಬೇಯಿಸಿದ ಮೊಟ್ಟೆ. ಉಪ್ಪಿನ ಪೊಟ್ಟಣ ಕೋಟಿನಲ್ಲಿತ್ತು. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ಶಾಲೆಯಲ್ಲಿ ಹತ್ತು ಸಲ ವಿಸ್ತರಿಸಿ ಬರೆದಿದ್ದೆ, ಅರ್ಥವಾದದ್ದು ಅವತ್ತು.

ಐದನೇ ದ್ವೀಪ ಮುಟ್ಟಲು ಹಿಡಿದ ನಲವತ್ತು ನಿಮಿಷಗಳಲ್ಲಿ ದೋಣಿಯಲ್ಲಿ ನಡೆದದ್ದೇ ನನ್ನ ಮುಖ್ಯ ದೂರು. ಅಲೆಯ ಸಿಂಚನಕ್ಕೆ ನನ್ನ ಹೆಂಡತಿ ಕನ್ನಡಕ ತೆಗೆದಿಟ್ಟಿದ್ದಳು. ಪಕ್ಕದಲ್ಲಿ ಹಸಿರು ಟೊಪ್ಪಿಗೆ, ಟೊಪ್ಪಿಗೆಯಿಂದ ಇಳಿಬಿದ್ದ ನರೆತ ಗಡ್ಡ. ನಿವೃತ್ತಿಯ ನಂತರ ನಾನೂ ಅಂಥದ್ದೇ ಒಂದನ್ನು ಬೆಳೆಸಿದ್ದೇನೆ. ನೋಡಿದವರು ಯಾರ ನೆನಪಾಗುತ್ತದೆಂದು ಹೇಳದೆ ನಗುತ್ತಿದ್ದುದರ ಕಾರಣ ಈಗ ತಿಳಿಯಿತು. ಅವಳು ಗಾಳಿಯ ಸದ್ದನ್ನು ಮೀರಿಸಿ, ತಮ್ಮ ಕಿವಿಯ ಹತ್ತಿರ ಬಾಗಿ, ಎಷ್ಟೋ ವರ್ಷಗಳಿಂದ ನನಗೆ ಹೇಳಬೇಕೆಂದಿದ್ದ ಆ ಒಂದು ವಿಷಯವನ್ನು ಮೊದಲಿಂದ ಕೊನೆಯವರೆಗೆ ತಮಗೆ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ. ಹೋತದ ಮುಂದೆ ಬಾರಿಸಿದರೆ ಏನಾಗುತ್ತದೆಂದು ಯಾರೂ ಹೇಳಿಟ್ಟಿಲ್ಲ. ತಾವು ತಲೆಯಾಡಿಸಿದಿರಿ. ಹಿಂದಿನ ಹಲಗೆಯಲ್ಲಿದ್ದ ಹಲ್ಲಿನ ಡಾಕ್ಟರರ ಪ್ರಕಾರ ಒಂದಲ್ಲ, ಎರಡಲ್ಲ, ಏಳು ಸಲ, ಅದೂ ಸರಿಯಾದ ಜಾಗಗಳಲ್ಲಿ.

ದಡ ಸೇರಿದ ಮೇಲೆ ಕಂಪನಿಯ ಪದ್ಧತಿಯಂತೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡದ್ದು ಆಗ, ತಾವು ಗೈಡಿನ ನಕ್ಷೆಯನ್ನು ತಿನ್ನಲು ಆರಂಭಿಸಿದ್ದೂ ಆಗಲೇ. ಸಂಜೆಗೆ ಮುಂಚೆ ದೋಣಿ ಮತ್ತೆ ನಾಲ್ಕನೇ ದ್ವೀಪಕ್ಕೆ ಬಂದಿತು ನಿಜ, ಆದರೆ ಬಂದದ್ದು ತಮ್ಮನ್ನು ಬಿಡುವುದಕ್ಕೆ. ಖಾಲಿ ಹೋಗುವ ಬದಲು ನನ್ನನ್ನೂ, ತಾವು ತಿಂದು ಉಳಿಸಿದಷ್ಟು ಕೋಟನ್ನೂ ಹತ್ತಿಸಿಕೊಂಡರು. ಆ ಫೋಟೋ ಈಗ ಕಂಪನಿಯ ಕರಪತ್ರದಲ್ಲಿ 'ನಮ್ಮ ಸಂತೃಪ್ತ ಪ್ರವಾಸಿಗರು' ಎಂಬ ಹೆಸರಿನಲ್ಲಿ ಅಚ್ಚಾಗಿದೆ. ಅದನ್ನು ನೋಡಿದ ನನ್ನ ತಂಗಿ ಫೋನು ಮಾಡಿ, "ಅಣ್ಣ, ನಡೆದೂ ನಡೆದೂ ಸ್ವಲ್ಪ ಇಳಿದಿದೀಯ, ಮುಖದಲ್ಲಿ ಕಳೆ ಬಂದಿದೆ" ಎಂದಳು.

ನಾನು ಕೋಪದಿಂದ ಉಳಿದ ದ್ವೀಪಗಳಿಗೆ ಹೋಗಲಿಲ್ಲ, ಅವಳನ್ನೂ ಕರೆದುಕೊಂಡು ಮನೆಗೆ ಬಂದೆ. ಬಂದ ಮೇಲೆ ವಿಷಯವೇನೆಂದು ಕೇಳಿದೆ. "ಒಂದು ಸಲ ಹೇಳಿದೀನಿ. ಗೊತ್ತಾಗದಿದ್ರೆ ಪಕ್ಕದಲ್ಲಿ ಕೂತಿದ್ದೋರನ್ನ ಕೇಳಿ" ಎಂದಳು. ಒಪ್ಪಿದ್ದು ನಾನಲ್ಲ, ಹೋತ ಎಂದು ವಾದಿಸಿದೆ. "ಕೋಟು ನಿಮ್ಮದೇ ತಾನೇ?" ಎಂದಳು. ಮರುದಿನ ಬಡಗಿ ಬಂದು ನನ್ನ ಕೋಣೆಯ ಬಾಗಿಲಿನ ಅಳತೆ ತೆಗೆದುಕೊಂಡು ಹೋದ. ಅದರ ಮರುದಿನ, ಮೂವತ್ತೊಂದು ವರ್ಷದ ದೂರುಗಳ ನಕಲುಗಳಿದ್ದ ನಲವತ್ತು ಕಟ್ಟುಗಳು ಮಾಳಿಗೆ ಸೇರಿದವು. ಮಗಳು ಫೋನಿನಲ್ಲಿ "ಅಪ್ಪಾ, ನೀವು ಇಷ್ಟು ಸುಲಭವಾಗಿ ಒಪ್ಕೋತೀರ ಅಂತ ಅಂದ್ಕೊಂಡೇ ಇರಲಿಲ್ಲ" ಎಂದು ಗದ್ಗದಿತಳಾದಳು. ನಾನು ಏನನ್ನು ಒಪ್ಪಿದ್ದೇನೆ, ಸ್ವಾಮಿ?

ಆದ್ದರಿಂದ ತಮ್ಮಲ್ಲಿ ವಿನಂತಿ. ಆ ನಲವತ್ತು ನಿಮಿಷಗಳ ಮಾತಿನ ಯಥಾಪ್ರತಿಯನ್ನು ಹದಿನೈದು ದಿನಗಳೊಳಗಾಗಿ ನನಗೆ ಕಳಿಸಿಕೊಡಬೇಕು. ಬರೆಯಲು ಅನನುಕೂಲವಿದ್ದರೆ ನಮ್ಮ ಮನೆಗೇ ಬಂದು, ನಾನು ಒಂದೊಂದೇ ಊಹೆ ಹೇಳುತ್ತ ಹೋದಂತೆ ಸರಿಯಾದ ಜಾಗದಲ್ಲಿ ತಲೆಯಾಡಿಸಬೇಕು. ಅಥವಾ ಆ ಏಳೂ ಸಲದ ತಲೆಯಾಟಕ್ಕೆ ಕಿವಿಯಲ್ಲಿ ಕುಳಿತ ನೊಣವೇ ಕಾರಣವೆಂದು ಗೊರಸಿನ ಗುರುತು ಹಾಕಿದ ಒಂದು ಪ್ರಮಾಣಪತ್ರವಾದರೂ ಕೊಡಬೇಕು. ನನ್ನ ಬಲತೋಳನ್ನು ಈಗ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ ಹಿಂದಿರುಗಿಸುವ ಅಗತ್ಯವಿಲ್ಲ.

ಮಾನ್ಯರೇ, ಇಲ್ಲಿಗೆ ಬರೆದು ನಿಲ್ಲಿಸಿ ನಾಲ್ಕು ದಿನಗಳಾದವು. ತಮ್ಮಿಂದ ಉತ್ತರ ಬರುವುದು ಸಂಶಯವೆಂದು ತೋರಿ, ಇನ್ನೊಂದು ಮಾರ್ಗ ಹಿಡಿದೆ. ನಿನ್ನೆ ಬೆಳಿಗ್ಗೆ ಅವಳು ಹಿತ್ತಿಲ ಬೆಂಚಿನ ಮೇಲೆ ಕುಳಿತು ಪರದೆಯ ಅಂಚು ಹೊಲಿಯುತ್ತಿದ್ದಾಗ, ಒಂದೇ ತೋಳಿನ ಆ ಹಸಿರು ಕೋಟನ್ನು ತೊಟ್ಟು, ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡು, ಹೋಗಿ ಪಕ್ಕದಲ್ಲಿ ಕುಳಿತೆ. ಬಾಯಿಯಲ್ಲಿ ಬಿಸ್ಕತ್ತಿದ್ದರೆ 'ನೋಡೋಣ' ಹೊರಬರಲಾರದೆಂಬ ಮುಂಜಾಗ್ರತೆಯಿಂದ ಎರಡನ್ನು ಒಟ್ಟಿಗೇ ಇಟ್ಟುಕೊಂಡಿದ್ದೆ. ಅವಳು ನನ್ನನ್ನು ನೋಡಿದಳು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಕನ್ನಡಕ ತೆಗೆದಿಟ್ಟಳು. ಆಮೇಲೆ ಹೇಳತೊಡಗಿದಳು.

ಅವಳಿಗೆ ಆ ಕೋಣೆ ಬೇಕಂತೆ. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ ಬಾಗಿಲು ಬೇಕಂತೆ. ಹನ್ನೆರಡನೆಯ ವಯಸ್ಸಿನಿಂದ ಟ್ರಂಪೆಟ್ ಊದಬೇಕೆಂಬ ಆಸೆಯಂತೆ; ಮದುವೆಯಾದ ಎರಡನೇ ತಿಂಗಳಲ್ಲಿ ನನಗೆ ಹೇಳಿದ್ದಳಂತೆ, ನಾನು ನೋಡೋಣ ಎಂದಿದ್ದೆನಂತೆ, ಆಮೇಲೆ ವರ್ಷಕ್ಕೊಂದು ಸಲದಂತೆ ಇಪ್ಪತ್ತಾರು ಸಲ ಹೇಳಿ, ಲೆಕ್ಕದ ಮೇಷ್ಟ್ರಲ್ಲವೇ, ಅಲ್ಲಿಗೆ ಎಣಿಸುವುದನ್ನು ನಿಲ್ಲಿಸಿದಳಂತೆ. ನಾನು ಬಾಯಿ ತೆರೆಯದೆ ಕೇಳಿದೆ. ತಲೆಯಾಡಿಸಿದೆ, ಆದರೆ ತಮ್ಮಷ್ಟು ಚೆನ್ನಾಗಿ ಅಲ್ಲವೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಕನ್ನಡಕ ಹಾಕಿಕೊಂಡು ಸೂಜಿ ಕೈಗೆತ್ತಿಕೊಳ್ಳುತ್ತ, "ಅರ್ಧ ದಾರೀಲೇ ಗೊತ್ತಾಯ್ತು ರೀ, ಪಕ್ಕದಲ್ಲಿರೋದು ನೀವಲ್ಲ ಅಂತ" ಎಂದಳು. ಹೇಗೆ ಎಂಬಂತೆ ನೋಡಿದೆ. "ಕೇಳಿಸ್ಕೊಳ್ತಾ ಇತ್ತಲ್ಲ" ಎಂದಳು.

ನನಗೆ ಬಹಳ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಬಿಸ್ಕತ್ತು ಗಂಟಲಿಗೆ ಸಿಕ್ಕಿತೆಂದು ಸನ್ನೆ ಮಾಡಿದೆ. ಅವಳು ನೀರು ತಂದುಕೊಟ್ಟಳು.

ಈ ಕಾರಣಗಳಿಂದಾಗಿ ತಮ್ಮ ಮೇಲಿನ ದೂರನ್ನು ಈ ಮೂಲಕ ಬೇಷರತ್ತಾಗಿ ಹಿಂದಕ್ಕೆ ಪಡೆದಿದ್ದೇನೆ. ದೀಪಸ್ತಂಭದ ಪುಸ್ತಕದಲ್ಲಿ ನಾನು ಪರಿಶೀಲನೆಯಲ್ಲಿಟ್ಟ ಆ ಹನ್ನೊಂದು ಜನರ ದೂರುಗಳನ್ನೂ ತಾವೇ ಬಿಡುವಾದಾಗ ವಿಚಾರಿಸಿಕೊಳ್ಳಬೇಕೆಂದು ಪ್ರಾರ್ಥನೆ. ತಿಂದುಬಿಟ್ಟರೂ ನಾನು ಮಾಡಿದ್ದಕ್ಕಿಂತ ಹೆಚ್ಚು ಕ್ರಮ ಕೈಗೊಂಡಂತಾಗುತ್ತದೆ. ಈ ಪತ್ರದ ಕೊನೆಯ ಪುಟವನ್ನು ಬರೆಯುವಾಗ ಒಳಗಿನ ಕೋಣೆಯಿಂದ ಟ್ರಂಪೆಟ್ಟಿನ ಮೊದಲ ಪಾಠ ಕೇಳಿಬರುತ್ತಿದೆ. ತಮ್ಮ ಕುಲದವರು ಗುಂಪು ತಪ್ಪಿದಾಗ ಮಾಡುವ ಸದ್ದಿಗೆ ತುಂಬ ಹತ್ತಿರವಾಗಿದೆ. ನಾನು ಏನೂ ಅನ್ನದೆ ಕೇಳುತ್ತ ಕುಳಿತಿದ್ದೇನೆ.

ಇಂತು, ತಾವು ಖಾಲಿ ಮಾಡಿದ ಜಾಗದಲ್ಲಿ ಸದ್ಯಕ್ಕೆ ಕುಳಿತಿರುವ
ತಮ್ಮ ವಿಶ್ವಾಸಿ,
ಒಂದೇ ತೋಳಿನ ಹಸಿರು ಕೋಟಿನ ನಿಜವಾದ ವಾರಸುದಾರ

ತಾ.ಕ.: ಉಳಿದುಹೋದ ದ್ವೀಪಗಳನ್ನು ನೋಡಿಬರಲು ಅವಳು ಮುಂದಿನ ತಿಂಗಳ ದೋಣಿಯಲ್ಲಿ ಎರಡು ಜಾಗ ಕಾದಿರಿಸಿದ್ದಾಳೆ. ಒಂದು ಅವಳದು, ಇನ್ನೊಂದು ನನಗೆ ತಾನೇ ಎಂದು ನಿನ್ನೆ ಸಂಜೆ ಕೇಳಿದೆ. "ನೋಡೋಣ" ಎಂದಳು.