ಡಾಕ್ಟರ್ ಪಾತ್ರದವನ ಸಹಿ

ಕನ್ನಡಕದಂಗಡಿಯ ಯಜಮಾನರಿಗೆ (ಯಜಮಾನಿಕೆ ಅಂಗಡಿಯಲ್ಲಿ ಮಾತ್ರ, ಮನೆಯ ಸಂವಿಧಾನವೇ ಬೇರೆ) ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ತಾವು ಕೂಡಿಟ್ಟ ಹಳೇ ಸಿನಿಮಾ ಫೋಟೋಗಳಲ್ಲಿ ಒಂದರ ಸಹಿಯಾದರೂ ಅಸಲಿ ಎಂದು ಹೆಂಡತಿ ಒಪ್ಪಬೇಕು.

ನಾಯಕ ನಾಯಕಿಯರು ಅವರಿಗೆ ಬೇಡ. ಪ್ರಾಣವೆಲ್ಲ ಪೋಷಕ ನಟರ ಮೇಲೆ: ಪೋಸ್ಟ್‌ಮ್ಯಾನ್ ಆಗಿಯೇ ಮುದುಕನಾದವನು, ಚಿತ್ರಕ್ಕೊಮ್ಮೆ ನಾಯಕಿಯ ಅಪ್ಪನಾಗಿ ಎದೆ ಹಿಡಿದುಕೊಂಡು ಬಿದ್ದವನು. ಆದರೆ ಹೆಂಡತಿ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಪೋಸ್ಟ್‌ಮ್ಯಾನನ ಸಹಿ ನೋಡಿದವಳೇ, "ಇದು ಅಚ್ಚು ಕಣ್ರೀ, ಕೈಬರಹ ಅಲ್ಲ" ಅಂದಳು. ಅಪ್ಪನದೂ ಅಚ್ಚು. ಹೀಗೆ ಒಬ್ಬೊಬ್ಬರಾಗಿ ಗೋಡೆಯಿಂದಿಳಿದು ಮಂಚದ ಕೆಳಗೆ ಸೇರಿದರು. ಯಜಮಾನರ ಮರ್ಯಾದೆಯೂ ಅವರ ಹಿಂದೆಯೇ ಹೋಯಿತು.

ಅಂಥ ದುರ್ಭಿಕ್ಷದಲ್ಲಿ ಡಾಕ್ಟರ್ ಸಿಕ್ಕಿದ. ಚಿತ್ರ ಯಾವುದೇ ಇರಲಿ, ಕೊನೆಯಲ್ಲಿ ಬ್ಯಾಗು ಹಿಡಿದು ಬಂದು, ಕನ್ನಡಕ ತೆಗೆದು, "ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ" ಎಂದು ಹೇಳಿ ಹೋಗುತ್ತಿದ್ದ ನಟ. ಅವನಿಗೆ ಬಣ್ಣ ಹಚ್ಚುತ್ತಿದ್ದವರ ಹೆಂಡತಿ, ಯಜಮಾನರು ಕೊಟ್ಟ ಹೊಸ ಕನ್ನಡಕದಲ್ಲಿ ಕಣ್ಣು ಚೆನ್ನಾಗಿ ಕಾಣಿಸಿದ ಸಂತೋಷಕ್ಕೆ ಫೋಟೋ ತಂದುಕೊಟ್ಟಿದ್ದರು. ಕೋಟಿನ ಮೇಲೆ ಅಡ್ಡಡ್ಡ ನೀಲಿ ಸಹಿ.

"ಇದೂ ಅಚ್ಚೇ" ಅಂದಳು ಹೆಂಡತಿ.

"ಅಚ್ಚಂತೆ! ಆಕೆಯ ಗಂಡನ ಎದುರಿಗೇ ಹಾಕಿದ ಸಹಿ ಕಣೇ ಇದು!"

"ಹೋಗ್ಲಿ ಬಿಡಿ. ನಿಮಗೋಸ್ಕರ ಅಸಲಿ ಅಂತಾನೇ ಇಟ್ಕೊಳ್ಳೋಣ. ಊಟಕ್ಕೆ ಬನ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಈ ಕರುಣೆ ಮಾತ್ರ ನೆತ್ತಿಗೇರಿತು.

"ನನಗೋಸ್ಕರ ಬೇಡ! ಅಚ್ಚಾಗಿದ್ರೆ ಒರೆಸಿದ್ರೂ ಹೋಗಲ್ಲ ತಾನೆ? ನೋಡೇಬಿಡು!"

ಜೇಬಿನಿಂದ ಗಾಜು ಒರೆಸುವ ದ್ರವ ತೆಗೆದು ಚಿಮ್ಮಿಸಿ, ಮೆತ್ತನೆ ಬಟ್ಟೆಯಿಂದ ಒರೆಸಿಯೇ ಒರೆಸಿದರು. ಇಷ್ಟು ವರ್ಷ ಮಸೂರ ಒರೆಸಿ ಪಳಗಿದ ಕೈ, ಅರ್ಧಕ್ಕೆ ನಿಲ್ಲುವುದು ಅದಕ್ಕೆ ಗೊತ್ತಿಲ್ಲ.

"ಅಯ್ಯೋ, ನಿಲ್ಸ್ರೀ!"

ಬಟ್ಟೆ ನೀಲಿಯಾಗಿತ್ತು.

"ನೋಡಿದ್ಯಾ? ಹೋಯ್ತು! ಪೂರ್ತಿ ಹೋಯ್ತು! ಅಸಲಿ!" ಎಂದು ಯಜಮಾನರು ಕುಣಿದರು. ಎರಡನೇ ಸಲ ಕುಣಿಯಲು ಎತ್ತಿದ ಕಾಲು ಹಾಗೇ ನಿಂತಿತು. ಆಮೇಲೆ ಕುರ್ಚಿಯಲ್ಲಿ ಕುಸಿದರು.

"ನೀವು ಹೇಳಿದ್ದೇ ಸರಿ ರೀ" ಅಂದಳು ಹೆಂಡತಿ, ಮದುವೆಯಾದ ಮೇಲೆ ಮೊದಲ ಬಾರಿಗೆ. "ಅಸಲಿನೇ ಇತ್ತು."

ಇಷ್ಟು ವರ್ಷ ಕಾದ ಮಾತು ಬಂದಿತ್ತು. ಅದನ್ನು ಇಟ್ಟುಕೊಂಡು ಏನು ಮಾಡುವುದೆಂದು ಮಾತ್ರ ತಿಳಿಯಲಿಲ್ಲ. ಅಳು ಬಂತು.

"ಎಲ್ಲಾದ್ರೂ ಒಂದು ಗೆರೆ ಉಳಿದಿದ್ಯಾ ನೋಡೇ" ಎಂದು ಅಂಗಲಾಚಿದರು.

ಹೆಂಡತಿ ಫೋಟೋವನ್ನು ಬೆಳಕಿಗೆ ಹಿಡಿದು, ಕರಡು ನೋಡುವ ಶ್ರದ್ಧೆಯಿಂದ ಮೂಲೆ ಮೂಲೆಯನ್ನೂ ನೋಡಿದಳು. ನಂತರ ಗಂಡನೇ ಆರಿಸಿಕೊಟ್ಟಿದ್ದ ತನ್ನ ಕನ್ನಡಕವನ್ನು ನಿಧಾನವಾಗಿ ತೆಗೆದು, ಅವರ ಹೆಗಲ ಮೇಲೆ ಕೈಯಿಟ್ಟಳು.

"ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ರೀ."