ಮಲ್ಪೆಯಲ್ಲಿ ಮುಕ್ಕಾಲು ಗಂಟೆ

ಫೋಟೋ ಎಂದರೆ ಶೆಟ್ಟಿಕೆರೆಯ ತಿಮ್ಮರಾಜುವಿಗೆ ಮೈಯೆಲ್ಲಾ ಉರಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೆಂಡತಿಗೆ ಸಮುದ್ರ ತೋರಿಸಲು ಹೊರಟವನು, ಕಾರು ಹತ್ತುವ ಮೊದಲೇ ಘನಘೋಷಣೆ ಹೊರಡಿಸಿದ.

“ಈ ಸಲ ಫೋಟೋ ಗೀಟೋ ಏನೂ ಇಲ್ಲ ಕಣೇ. ಬರೀ ವಿಡಿಯೋ! ಫೋಟೋ ಅಲ್ಲಾಡಲ್ಲ, ಮಾತಾಡಲ್ಲ. ಅದೊಂದು ನಿರ್ಜೀವ ಪದಾರ್ಥ.”

“ನೀರಲ್ಲಿ ನಿಂತಿರೋದು ಒಂದಾದ್ರೂ ತೆಗೀರಿ. ಅಮ್ಮಂಗೆ ತೋರಿಸ್ಬೇಕು ಕಣ್ರೀ,” ಎಂದಳು ಸುನಂದಾ. ಅದಕ್ಕೆಂದೇ ತಿಪಟೂರಿನಲ್ಲಿ ನಾಲ್ಕು ಅಂಗಡಿ ಹತ್ತಿಳಿದು ನವಿಲು ಬಣ್ಣದ ಸೀರೆ ತಂದಿದ್ದಳು.

“ನಿಂತಿರೋದೇನು, ನಗೋದು, ಅಲೆ ಬಂದಾಗ ಕಿರುಚೋದು, ಎಲ್ಲಾ ಬತ್ತದೆ. ನಾನಿದೀನಲ್ಲ!”

(‘ನಾನಿದೀನಲ್ಲ’ ಎಂದರೆ ಸುನಂದಾಳ ಎದೆ ಧಸಕ್ಕೆನ್ನುತ್ತದೆ. ಹಿಂದೊಮ್ಮೆ ಇದೇ ಮಾತು ಹೇಳಿ ಅವನು ಮಿಕ್ಸಿ ರಿಪೇರಿ ಮಾಡಿದ್ದ.)

ಮಲ್ಪೆಯಲ್ಲಿ ಅವಳು ನೆರಿಗೆ ಎತ್ತಿ ಹಿಡಿದು ನೀರಿಗಿಳಿದಳು. ತಿಮ್ಮರಾಜು ಚಪ್ಪಲಿ ಬಿಟ್ಟು, ಫೋನು ಎತ್ತಿ, ಮುಕ್ಕಾಲು ಗಂಟೆ ತಪಸ್ಸಿಗೆ ನಿಂತ. ತಪಸ್ಸು ಮುಗಿದಾಗ ಒಂದು ಚಪ್ಪಲಿ ಇರಲಿಲ್ಲ. ಯಾವನೋ ಕದ್ದ ಎಂದು ದಾರಿಯುದ್ದಕ್ಕೂ ಬೈದ. ಸುನಂದಾ ವಿಡಿಯೋ ತೋರಿಸಿ ಎಂದರೆ ಮಾತ್ರ, “ಅದನ್ನ ದೊಡ್ಡ ಟಿವೀಲೇ ನೋಡ್ಬೇಕು ಬುಡು,” ಎಂದುಬಿಟ್ಟ.

ಭಾನುವಾರ ಹೊನ್ನವಳ್ಳಿಯ ಮಾವನ ಮನೆಯಲ್ಲಿ ಪ್ರಥಮ ಪ್ರದರ್ಶನ. ಅತ್ತೆ ನಿಂಗಮ್ಮ ಕನ್ನಡಕ ಒರೆಸಿಕೊಂಡು ಮುಂದಿನ ಕುರ್ಚಿಯಲ್ಲೇ ಕೂತರು. ಅಕ್ಕಪಕ್ಕದವರೂ ಬಂದರು.

ಎರಡು ಕ್ಷಣ ಸಮುದ್ರ ಕಂಡಿತು. ಆಮೇಲೆ ಚಿತ್ರ ಮೆಲ್ಲಗೆ ದಡದತ್ತ ಜಾರಿ, ಒಂದು ತೆಂಗಿನ ಮರದ ಮೇಲೆ ನಿಂತಿತು. ನಿಂತೇ ಇತ್ತು. ಟಿವಿಯೊಳಗಿಂದ ತಿಮ್ಮರಾಜುವಿನದೇ ದನಿ: “ಅಬ್ಬಬ್ಬಾ, ಏನ್ ಫಸಲು! ಗೊನೆ ಒಂದು, ಎರಡು, ಮೂರು...” ನಂತರ ಪಕ್ಕದ ಮರ. “ಅಯ್ಯೋ, ಇದ್ಕೆ ನುಸಿ ಬಿದ್ದದಲ್ಲಪ್ಪ!”

“ನಮ್ ಸುನಂದಾ ಎಲ್ಲಪ್ಪಾ?” ಎಂದರು ನಿಂಗಮ್ಮ.

“ಈಗ ಬತ್ತಾಳೆ ಇರಿ ಅತ್ತೆ.”

ಬಂದಳು. ಇಪ್ಪತ್ತಮೂರನೇ ನಿಮಿಷಕ್ಕೆ ನವಿಲು ಬಣ್ಣದ ಸೆರಗೊಂದು ಮೂಲೆಯಲ್ಲಿ ಹಾದುಹೋಯಿತು. ಜೊತೆಗೇ ದನಿ: “ಏಯ್, ಪಕ್ಕಕ್ಕೆ ಸರಿಯೇ! ಮರದ ಬುಡ ಕಾಣ್ತಿಲ್ಲ!”

ಅವತ್ತು ಕೇಳಿದ್ದ ಮಾತನ್ನೇ ಈಗ ಎಲ್ಲರೆದುರು ಕೇಳಿ ಸುನಂದಾಳ ಕಣ್ಣಲ್ಲಿ ನೀರೇ ಬಂತು. ಆದರೆ ತಾವೂ ತೆಂಗಿನ ತೋಟದವರಾದ ಮಾವನವರು ಕುರ್ಚಿಯ ತುದಿಗೆ ಬಂದಿದ್ದರು. “ಅಳಿಯಂದ್ರೇ, ಆ ಮೊದಲನೇ ಮರ ಇನ್ನೊಂದ್ಸಲ ಹಾಕಿ. ಉಪ್ಪುನೀರಿನ ಪಕ್ಕ ಅದೆಂಗೆ ಆಪಾಟಿ ಕಾಯಿ ಬುಟ್ಟದೆ?”

ತಿಮ್ಮರಾಜುವಿಗೆ ಆನೆಬಲ ಬಂತು. “ನೋಡಿ ಮಾವ, ಇದೇ ವಿಡಿಯೋ ಮಹಿಮೆ! ಫೋಟೋ ಆಗಿದ್ರೆ ಗರಿ ಅಲ್ಲಾಡ್ತಿತ್ತಾ?”

“ನಾನೂ ಒಂದು ತೆಗ್ದಿದೀನಿ,” ಎಂದು ಸುನಂದಾ ಎದ್ದಳು. “ಒಂದೇ ಒಂದು. ಫೋಟೋ.” ತನ್ನ ಫೋನನ್ನು ಟಿವಿಗೆ ಜೋಡಿಸಿದಳು.

ಹಿಂದೆ ಇಡೀ ಸಮುದ್ರ, ಮುಳುಗುತ್ತಿರುವ ಕೆಂಪು ಸೂರ್ಯ. ಎರಡಕ್ಕೂ ಬೆನ್ನು ತಿರುಗಿಸಿ, ಕತ್ತು ಮೇಲೆತ್ತಿ, ಬಾಯಿ ಬಿಟ್ಟುಕೊಂಡು ನಿಂತ ತಿಮ್ಮರಾಜು. ಅವನ ಹಿಂದೆ ಅಲೆಯೊಂದು ಅವನ ಎಡಗಾಲಿನ ಚಪ್ಪಲಿಯನ್ನು ನೆಮ್ಮದಿಯಾಗಿ ಒಯ್ಯುತ್ತಿತ್ತು.

ಮನೆಯೆಲ್ಲ ಗೊಳ್ಳೆಂದಿತು. ಮಾವನವರೂ ನಕ್ಕರು. ನಿಂಗಮ್ಮ ನಕ್ಕು ನಕ್ಕು ಮತ್ತೆ ಕನ್ನಡಕ ಒರೆಸಿಕೊಂಡರು.

“ಅದು... ಫೋಟೋ ಅಲ್ವಾ, ಅಲ್ಲಾಡಲ್ಲ,” ಎಂದು ತಿಮ್ಮರಾಜು ತೊದಲಿದ.

“ಮುಕ್ಕಾಲು ಗಂಟೆ ನೀವೂ ಅಲ್ಲಾಡ್ಲಿಲ್ಲ ಕಣ್ರೀ,” ಎಂದಳು ಸುನಂದಾ. “ಅಲ್ಲಾಡಿದ್ದು ಚಪ್ಪಲಿ ಒಂದೇ.”