ವಿವರಪ್ಪನ ನಾಲ್ಕು ಸಾಲು

ಎಲ್ಲ ಎಡವಟ್ಟಿಗೂ ಕಾರಣ ನಾಲ್ಕೇ ನಾಲ್ಕು ಸಾಲು.

ಆ ಸಾಫ್ಟ್‌ವೇರ್ ಕಂಪನಿಯಲ್ಲಿ ಯಾವ ಆ್ಯಪ್ ತಯಾರಾದರೂ, ಅದು ಏನು ಮಾಡುತ್ತದೆಂದು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆಯುವುದು ವಿವರಪ್ಪನ ಕೆಲಸ. ಅದು ಅವನ ಹೆಸರಲ್ಲ. ಕಂಡಕಂಡವರನ್ನೆಲ್ಲ "ಸ್ವಲ್ಪ ವಿವರವಾಗಿ ಹೇಳಿ" ಎಂದು ಬೆನ್ನು ಹತ್ತುತ್ತಿದ್ದುದರಿಂದ ಕಚೇರಿಯವರು ಕಟ್ಟಿದ ಅಡ್ಡಹೆಸರು. ಬಂದು ಎಂಟು ತಿಂಗಳಾದರೂ ಕೆಲಸ ಖಾಯಂ ಆಗಿರಲಿಲ್ಲ. ಪಕ್ಕದ ಮೇಜಿನಲ್ಲಿ ಹಿರಿಯ ಬರಹಗಾರರೊಬ್ಬರು ಒಂಬತ್ತು ವರ್ಷದಿಂದ ಅದೇ ಕೆಲಸ ಮಾಡಿಕೊಂಡಿದ್ದರು. ಒಬ್ಬರದು ಕೆಟ್ಟರೆ ಇನ್ನೊಬ್ಬರದಿರಲಿ ಎಂದು ಯಜಮಾನರು ಪ್ರತಿಯೊಂದನ್ನೂ ಇಬ್ಬರಿಂದಲೂ ಬರೆಸುತ್ತಿದ್ದರು.

ಅಂದು ಬೆಳಿಗ್ಗೆ ಯಜಮಾನರು ವಿವರಪ್ಪನನ್ನು ಕರೆದು, ಫೋನಿನಲ್ಲಿ ತುಂಬಿಕೊಂಡ ಫೋಟೋಗಳನ್ನು ಚೊಕ್ಕಟ ಮಾಡುವ ಆ್ಯಪ್‌ಗೆ ನಾಲ್ಕು ಸಾಲು ಬರೆ ಎಂದರು. ಸಂಜೆ ನಾಲ್ಕಕ್ಕೆ ತಮ್ಮ ಅಮ್ಮ ಬರುತ್ತಾರೆ, ಒಂದೇ ಸಲ ಕೇಳಿ ಅವರಿಗೆ ಅರ್ಥವಾದರೆ ಇವತ್ತೇ ಕೆಲಸ ಖಾಯಂ ಎಂದೂ ಹೇಳಿದರು. ಅಮ್ಮನಿಗೆ ತಿಳಿಯದ ಬರಹ ಆ ಕಂಪನಿಯ ಹೊಸ್ತಿಲು ದಾಟುತ್ತಿರಲಿಲ್ಲ. ಅಮ್ಮ ಹಾಕಿದ ಗೆರೆಯನ್ನು ಯಜಮಾನರೂ ದಾಟುತ್ತಿರಲಿಲ್ಲ.

ವಿವರಪ್ಪ ನೇರವಾಗಿ ಇಂಜಿನಿಯರ್ ಹತ್ತಿರ ಓಡಿದ. ಆತ ತಲೆ ಎತ್ತದೆ ಅರ್ಧ ಗಂಟೆ ಮಾತಾಡಿದ. ವಿವರಪ್ಪನಿಗೆ ಅರ್ಥವಾದ ಪದ 'ಮತ್ತು' ಒಂದೇ.

"ಒಂದೇ ಫೋಟೋ ಎರಡಿದ್ರೆ ಯಾವುದನ್ನ ಉಳಿಸುತ್ತೆ? ಅಷ್ಟು ಹೇಳಿ ಸಾರ್, ಸಾಕು."

"ಹಳೇದನ್ನ ಕಣಯ್ಯ. ಹೊಸದು ನಕಲು ತಾನೇ? ಅದು ಕಸದ ಬುಟ್ಟಿಗೆ. ಅಲ್ಲಿ ಮೂವತ್ತು ದಿನ, ಆಮೇಲೆ ಅದೂ ಇಲ್ಲ."

ಬರೆದುಕೊಂಡು ಬರುವಾಗ ದಾರಿಯಲ್ಲೇ ಮಾರಾಟ ವಿಭಾಗದ ಮೇಡಂ ಕಾಗದ ಕಿತ್ತುಕೊಂಡು ಮೂರು ಕಡೆ 'ಅದ್ಭುತ' ಸೇರಿಸಿದರು. ಯಾರದಾದರೂ ಫೋಟೋ ಕಳೆದರೆ ನಾವು ಹೊಣೆಯಲ್ಲ ಎಂದು ಕಂಪನಿಯ ವಕೀಲರು ಹನ್ನೊಂದು ಬಗೆಯಲ್ಲಿ ಬರೆಸಿದರು. ಹಿರಿಯ ಬರಹಗಾರರು ಕನ್ನಡಕ ಏರಿಸಿ, "ತಮ್ಮಾ, ಇಷ್ಟು ಸಲೀಸಾಗಿ ಬರೆದ್ರೆ ಇದಕ್ಕೆ ನಾವ್ಯಾಕೆ ಬೇಕು ಅಂತಾರೆ" ಎಂದು ಒಂದು ಪುಟ ಪೀಠಿಕೆ ಜೋಡಿಸಿದರು. ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಸಾಲು ನಾಲ್ಕು ಪುಟವಾಗಿ, ಮಳೆಯಲ್ಲಿ ನೆನೆದ ಹಾಸಿಗೆಯ ಹಾಗೆ ಯಾರಿಂದಲೂ ಎತ್ತಲಾಗದಂತೆ ಬಿದ್ದಿತ್ತು.

ವಿವರಪ್ಪ ಕಚೇರಿಯ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಯಾರ ಕೈಗೂ ಸಿಗದ ಜಾಗ ಅದೊಂದೇ. ನಾಲ್ಕು ಪುಟವನ್ನೂ ಹರಿದು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಹೊಸದಾಗಿ ಬರೆದ.

ಅಮ್ಮ ಹೇಳಿದ ಹೊತ್ತಿಗೆ ಬಂದು, ಕೋಲನ್ನು ಗೋಡೆಗೆ ಒರಗಿಸಿ ಕೂತರು. ಕಚೇರಿಯೆಲ್ಲ ಸುತ್ತ ನೆರೆಯಿತು. ವಿವರಪ್ಪ ಓದಿದ:

"ಈ ಆ್ಯಪ್ ನಿಮ್ಮ ಫೋನಿನಲ್ಲಿ ಒಂದೇ ತರಹದ ಎರಡು ಫೋಟೋ ಇವೆಯೇ ಎಂದು ಹುಡುಕುತ್ತದೆ. ಇದ್ದರೆ ಹಳೆಯದನ್ನು ಉಳಿಸಿ ಹೊಸದನ್ನು ತೆಗೆಯುತ್ತದೆ. ತೆಗೆದದ್ದು ಮೂವತ್ತು ದಿನ ಬುಟ್ಟಿಯಲ್ಲಿರುತ್ತದೆ. ಆಮೇಲೆ ತಾನಾಗಿ ಹೋಗುತ್ತದೆ."

ಅಮ್ಮ ಒಂದಕ್ಷರ ತಪ್ಪದೆ ತಿರುಗಿ ಒಪ್ಪಿಸಿದರು. ವಕೀಲರೂ ಚಪ್ಪಾಳೆ ತಟ್ಟಿದರು. ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಲು ಯಜಮಾನರು ಪೆನ್ನು ತೆರೆದರು.

ಅಷ್ಟರಲ್ಲಿ ಅಮ್ಮನ ಕಣ್ಣು ಅಕ್ಕಪಕ್ಕದ ಎರಡು ಮೇಜುಗಳ ಮೇಲೆ ಬಿತ್ತು.

"ಇವರಿಬ್ಬರೂ ಏನು ಬರೀತಾರೋ?"

"ಒಂದನ್ನೇ ಬರೀತಾರಮ್ಮ," ಎಂದರು ಯಜಮಾನರು.

"ಒಂದೇ ತರಹದ್ದು ಎರಡು ಅನ್ನು." ಅಮ್ಮ ಸ್ವಲ್ಪ ಯೋಚಿಸಿದರು. "ಇವರಲ್ಲಿ ಹಳಬರು ಯಾರು?"

ಒಂಬತ್ತು ವರ್ಷದಲ್ಲಿ ಯಾವುದಕ್ಕೂ ಕೈ ಎತ್ತದ ಹಿರಿಯ ಬರಹಗಾರರು ಎರಡೂ ಕೈ ಎತ್ತಿದರು.

ಯಜಮಾನರು ಮೇಜಿನ ಮೇಲಿದ್ದ ಕಾಗದವನ್ನು ಮೆಲ್ಲಗೆ ಮಡಚಿ, ಖಾನೆಯಿಂದ ಕೆಲಸ ಬಿಡಿಸುವ ಕಾಗದ ತೆಗೆದರು.

ವಿವರಪ್ಪ ಅಮ್ಮನ ಪಕ್ಕಕ್ಕೆ ಬಂದು ಬಗ್ಗಿದ. "ಅಮ್ಮಾ, ಸ್ವಲ್ಪ ವಿವರವಾಗಿ ಹೇಳಿ."

"ಇನ್ನೇನು ಹೇಳಲಿ ಮಗನೇ," ಎಂದರು ಅಮ್ಮ ಅಕ್ಕರೆಯಿಂದ ಅವನ ಬೆನ್ನು ತಡವಿ. "ನೀನೇ ಅಷ್ಟು ಚೆನ್ನಾಗಿ ಬರೆದಿದ್ದೀಯ. ಮೂವತ್ತು ದಿನ."